ತಾರಸಿ ಕೋಣೆಗೆ ಹತ್ತದ ಸಿಗ್ನಲ್

ಹೋದ ಆಷಾಢದಲ್ಲಿ ಕಚೇರಿಯ ತರಬೇತಿಗೆಂದು ಅಹಮದಾಬಾದಿಗೆ ಹೋದವಳು, ಬರುವಾಗ ವಡೋದರಾದಲ್ಲಿ ಇಳಿದುಬಿಟ್ಟೆ. ಯಾಕೆ ಇಳಿದೆ ಎಂದರೆ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ. ರೈಲು ನಿಂತಿತು, ಮೋಡ ಕವಿದಿತ್ತು, ಕಾಲು ತಾನಾಗಿ ಇಳಿಯಿತು. ಆಟೋದವನಿಗೆ ಮಂಜಲ್‌ಪುರ ಎಂದೆ. ನಾವು ಬಾಡಿಗೆಗಿದ್ದ ಮನೆಗೆ ಈಗ ಹಸಿರು ಬಣ್ಣ ಹೊಡೆದಿದ್ದಾರೆ. ಕೆಳಗಿನ ಅಂತಸ್ತಿನಲ್ಲಿದ್ದ ಮನೆಯೊಡತಿ ಕೋಕಿಲಾಬೆನ್ ಆಣಂದದ ಮಗಳ ಮನೆಗೆ ಹೋಗಿ ಎಷ್ಟೋ ವರ್ಷವಾಯಿತಂತೆ. ಈಗಿರುವ ದಂಪತಿ ಒಳ್ಳೆಯವರು. ಒಮ್ಮೆ ತಾರಸಿ ನೋಡಬಹುದೇ ಎಂದು ಕೇಳಿದ್ದಕ್ಕೆ ನಕ್ಕು ದಾರಿ ಬಿಟ್ಟರು. ನಾನು ಮೇಲೆ ಕಾಲಿಡುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು. ದಿನವೆಲ್ಲ ಕಾದ ಸುಣ್ಣದ ನೆಲಕ್ಕೆ ಮಳೆ ತಾಗಿದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ತಂಗಿ ವೈಜು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಇದೇ ತಾರಸಿಯುದ್ದಕ್ಕೂ ಸಿಗ್ನಲ್ ಹುಡುಕುತ್ತ ಓಡಾಡಿದ ಆ ಒಂದು ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು.

ಬ್ರಾಡ್‌ಬ್ಯಾಂಡ್ ಎಂಬ ಶಬ್ದ ಹೊಸದಾಗಿದ್ದ ಕಾಲ ಅದು. ವಿಮಾ ಕಂಪನಿಯ ಹುಬ್ಬಳ್ಳಿ ಕಚೇರಿಯಲ್ಲಿದ್ದ ನನ್ನನ್ನು ವಡೋದರಾಕ್ಕೆ ವರ್ಗ ಮಾಡಿದ್ದರು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಗದಗಿನ ಬಾಡಿಗೆ ಮನೆ ಬಿಟ್ಟು ಅವ್ವನನ್ನೂ ವೈಜುವನ್ನೂ ಜೊತೆಗೇ ಕರೆತಂದೆ. ವೈಜು ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರವೊಂದು ಅವಳ ಕಿವಿಯನ್ನು ಒಯ್ದಿತ್ತು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯಲ್ಲಿ ಓದಿ, ಆಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದನ್ನು ಕಲಿತಿದ್ದಳು. ಊರಿಗೆ ಬಂದ ತಿಂಗಳಲ್ಲೇ ಮಕರಪುರದ ಸ್ವಿಚ್‌ಬೋರ್ಡ್ ಫ್ಯಾಕ್ಟರಿಯೊಂದರಲ್ಲಿ ಕೆಲಸ ಹಿಡಿದಳು. ನನಗೂ ಅವ್ವನಿಗೂ ಗುಜರಾತಿ ಬಾರದ ಸಂಕಟವಿತ್ತು. ಅವಳಿಗೆ ಗದಗಾದರೇನು, ವಡೋದರಾ ಆದರೇನು, ಎಲ್ಲೆಡೆಯೂ ತುಟಿಗಳನ್ನೇ ಓದಬೇಕು. ಹಾಗಾಗಿ ಊರು ಅವಳಿಗೆ ನಮಗಿಂತ ಬೇಗ ಒಗ್ಗಿತು.

ಅಹಮದಾಬಾದಿನ ಪಾಲ್ಡಿಯಲ್ಲಿ ತಿಂಗಳಿಗೊಂದು ಭಾನುವಾರ ಕಿವಿ ಕೇಳಿಸದವರು ಸೇರುತ್ತಾರೆಂದು ಫ್ಯಾಕ್ಟರಿಯಲ್ಲಿ ಯಾರೋ ಹೇಳಿದರು. ಮೊದಲ ಸಲ ಅವಳನ್ನು ಕರೆದುಕೊಂಡು ಹೋದವಳು ನಾನೇ. ದೊಡ್ಡ ಹಾಲಿನ ತುಂಬ ಜನ, ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು, ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಲ್ಲೇ ಆಕೆಗೆ ನಿಮೇಶ್ ಸಿಕ್ಕಿದ್ದು. ಸೂರತ್ತಿನ ಉಧ್ನಾದಲ್ಲಿ ಸೀರೆಗಳಿಗೆ ಅಂಚಿನ ವಿನ್ಯಾಸ ಮಾಡುವ ಹುಡುಗ, ಹುಟ್ಟಿನಿಂದ ಕಿವಿ ಕೇಳಿಸದು. ಮೈಸೂರಿನ ಕೈಮಾತಿಗೂ ಸೂರತ್ತಿನ ಕೈಮಾತಿಗೂ ಸಾಕಷ್ಟು ವ್ಯತ್ಯಾಸವಿತ್ತು. ಚಹಾಕ್ಕೆ ಇವಳದೊಂದು ಸನ್ನೆ, ಅವನದೊಂದು. ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತ ನಗುತ್ತಲೇ ಇದ್ದರು. ವಾಪಸು ಬರುವ ರೈಲಿನಲ್ಲಿ ವೈಜು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು, ಕೈಗಳು ಮಾತ್ರ ತೊಡೆಯ ಮೇಲೆ ಹೊಸ ಸನ್ನೆಗಳನ್ನು ಮೆಲ್ಲಗೆ ಅಭ್ಯಾಸ ಮಾಡುತ್ತಿದ್ದವು.

ಅವ್ವನಿಗೆ ಹೇಳಿದೆ. ನಿಮೇಶನ ವಿಷಯ ಕೇಳಿ ಅವ್ವ ಜರಡಿ ಹಿಡಿಯುತ್ತಿದ್ದ ಹಿಟ್ಟನ್ನು ಬದಿಗಿಟ್ಟಳು.

"ಗುಜರಾತಿ ಅಂದ್ರ ಹೆಂಗವಾ? ನಮ್ಮ ಮಾತು ಅಂವಗ ಬರಂಗಿಲ್ಲ, ಅಂವನ ಮಾತು ಇಕಿಗೆ ಬರಂಗಿಲ್ಲ."

"ಅವ್ವಾ, ಇಬ್ಬರೂ ಬಾಯಿಲೆ ಮಾತಾಡಂಗೇ ಇಲ್ಲ," ಎಂದೆ.

ಅವ್ವ ನಗಲಿಲ್ಲ. ಅವಳ ನಿಜವಾದ ಹೆದರಿಕೆ ಹೊರಬಿತ್ತು. "ಅದಲ್ಲವಾ. ನಾಳೆ ಒಂದು ಕೂಸು ಆತಂದ್ರ, ಅದು ಅತ್ರ ಯಾರು ಕೇಳ್ತಾರ? ಒಬ್ಬರಿಗರೆ ಕಿವಿ ಇರಬೇಕಲ್ಲ."

ಅವ್ವ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಮಾತಾಡಿಕೊಳ್ಳಲಿ, ನೋಡೋಣ ಎಂದಳು.

ಮಾತಾಡಿಕೊಳ್ಳುವುದಾದರೂ ಹೇಗೆ? ಫೋನಿನಿಂದ ಅವರಿಬ್ಬರಿಗೂ ಪ್ರಯೋಜನವಿಲ್ಲ. ಎಸ್ಸೆಮ್ಮೆಸ್ಸು ಕಳಿಸುತ್ತಿದ್ದರು, ಆದರೆ ಅವನು ಓದಿದ್ದು ಗುಜರಾತಿ, ಇವಳು ಕನ್ನಡ, ನಡುವೆ ಇಬ್ಬರದೂ ಮುರುಕು ಇಂಗ್ಲಿಷು. ಅಂಥ ಹೊತ್ತಿಗೆ ನಮ್ಮ ಓಣಿಗೆ ಬ್ರಾಡ್‌ಬ್ಯಾಂಡ್ ಬಂತು. ಅಹಮದಾಬಾದಿನ ರಿಲೀಫ್ ರೋಡಿಗೆ ಹೋಗಿ ಒಂದು ಲ್ಯಾಪ್‌ಟಾಪು, ಅದರ ನೆತ್ತಿಗೆ ಸಿಕ್ಕಿಸುವ ಕ್ಯಾಮೆರಾ ತಂದೆವು. ಮೊದಮೊದಲು ಹಾಲಿನಲ್ಲಿ ಫೋನಿನ ಪಕ್ಕ ವೈರು ಸಿಕ್ಕಿಸಿ ಅವಳನ್ನು ಕೂಡಿಸಿದೆ. ತೆರೆಯ ಮೇಲೆ ನಿಮೇಶ್ ಮೂಡಿದಾಗ ವೈಜುವಿನ ಮುಖ ನೋಡಬೇಕಿತ್ತು. ಚಿತ್ರ ಕುಂಟುತ್ತ ಬರುತ್ತಿದ್ದುದರಿಂದ ಇಬ್ಬರೂ ನೀರಿನೊಳಗಿರುವವರ ಹಾಗೆ ನಿಧಾನವಾಗಿ ಕೈಯಾಡಿಸಲು ಕಲಿತರು. ಕೈಗಳು ಎದ್ದು ಕಾಣಲೆಂದು ವೈಜು ಸಂಜೆಯಾದರೆ ಕಪ್ಪು ಕುರ್ತಾ ಹಾಕಿಕೊಳ್ಳುತ್ತಿದ್ದಳು.

ವಾರವೂ ಕಳೆಯಲಿಲ್ಲ, ಒಂದು ಸಂಜೆ ಅಕ್ಕಿ ಆರಿಸುತ್ತ ಕೂತಿದ್ದ ಅವ್ವ ತಲೆಯೆತ್ತಿ ತೆರೆಯ ಮೇಲಿನ ಕೈಗಳನ್ನು ನೋಡಿ, "ಅಂವನ ದೋಸ್ತಂದು ಮದುವಿ ಏನ? ಸೂಟ್ ಹೊಲಸೀನಿ ಅನ್ನಾಕತ್ತಾನಲ್ಲ," ಎಂದಳು. ವೈಜು ಅವಳ ತುಟಿ ಓದಿದಳು. ಲ್ಯಾಪ್‌ಟಾಪಿನ ಮುಚ್ಚಳ ರಪ್ಪನೆ ಮುಚ್ಚಿದಳು. ನನ್ನ ಕಡೆ ತಿರುಗಿ ಕೈಯಲ್ಲಿ ಹೇಳಿದಳು: "ನೀವು ಫೋನಿನಲ್ಲಿ ಮಾತಾಡುವಾಗ ದನಿ ತಗ್ಗಿಸುತ್ತೀರಿ. ನಾನು ಏನನ್ನು ತಗ್ಗಿಸಲಿ?"

ನನಗೆ ಆವರೆಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಕೈಮಾತು ಬರುತ್ತಿತ್ತು, ಅದನ್ನು ನಾವು ನಮ್ಮ ದೊಡ್ಡಸ್ತಿಕೆ ಎಂದುಕೊಂಡಿದ್ದೆವು. ಅದರಿಂದಾಗಿ ಅವಳು ಮನೆಯಲ್ಲಿ ಇದುವರೆಗೆ ಒಂದು ಗುಟ್ಟಿನ ಮಾತನ್ನೂ ಆಡಿರಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಕೋಣೆಯಿತ್ತು. ಕೋಕಿಲಾಬೆನ್ ಅದರಲ್ಲಿ ಹಳೆಯ ಹಾಸಿಗೆಗಳನ್ನಿಟ್ಟಿದ್ದರು. ಕೇಳಿದ ದಿನವೇ ಖಾಲಿ ಮಾಡಿಕೊಟ್ಟರು. "ಛೋಕರಿಗೆ, ಬೆಳೆದ ಹುಡುಗಿಗೆ, ಒಂದು ಬಾಗಿಲು ಬೇಕೇ ಬೇಕು ಬೆನ್," ಎಂದರು ತಮ್ಮ ಗುಜರಾತಿ-ಹಿಂದಿಯಲ್ಲಿ.

ಮೊದಲು ವೈರನ್ನೇ ಬಾಲ್ಕನಿಯಿಂದ ಮೇಲಕ್ಕೆ ಎಳೆದೆವು. ಮರುದಿನವೇ ಮುಸಿಯ ಕೋತಿಗಳು ಬಂದವು. ಒಂದು ಅದನ್ನು ಹಿಡಿದು ಜೋಕಾಲಿಯಾಡಿತು, ಇನ್ನೊಂದು ಕಚ್ಚಿ ನೋಡಿತು, ಉಳಿದ ತುಂಡು ಬೇವಿನ ಮರದಲ್ಲಿ ನೇತಾಡುತ್ತಿತ್ತು. ಆಗಲೇ ನಾನು ಮತ್ತೆ ರಿಲೀಫ್ ರೋಡಿಗೆ ಹೋಗಿ, ವೈರಿಲ್ಲದೆ ಇಂಟರ್‌ನೆಟ್ ಹರಿಸುವ ಪೆಟ್ಟಿಗೆ, ಎರಡು ಕೋಡಿನ ವೈರ್‌ಲೆಸ್ ರೂಟರನ್ನು ತಂದದ್ದು. ಅಂಗಡಿಯವನು ಭರವಸೆ ಕೊಟ್ಟ: "ಗೋಡೆ-ಗೀಡೆ ಎಲ್ಲ ದಾಟುತ್ತದೆ ಬೆನ್, ಚಿಂತೆ ಬೇಡ."

ಗೋಡೆ ದಾಟಿತು. ಮನಸ್ಸು ಬಂದಾಗ ದಾಟುತ್ತಿತ್ತು, ಬಾರದಾಗ ಇಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಐದು ಹಸಿರು ಗೆರೆಗಳು ಕಾಣುತ್ತಿದ್ದವು. ಅವು ಎರಡಾಗುವುದು, ಒಂದಾಗುವುದು, ಒಮ್ಮೆಗೇ ಕೆಂಪು ಗುಣಾಕಾರದ ಗುರುತು ಬೀಳುವುದು. ಮತ್ತೆ ತಾನಾಗಿಯೇ ಬರುವುದು. ಪೂರ್ತಿ ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡಬಹುದು, ಆಗಾಗ ಕೆಡುವ ಯಂತ್ರ ಮನುಷ್ಯನನ್ನು ಹುಚ್ಚು ಮಾಡುತ್ತದೆ. ನಾನು ಹಠಕ್ಕೆ ಬಿದ್ದೆ. ರೂಟರಿದ್ದ ಜಾಗದ ಹಿಂದೆ ಕಬ್ಬಿಣದ ತಿಜೋರಿಯಿತ್ತು, ಅದನ್ನು ನಾನೂ ಅವ್ವನೂ ಸೇರಿ ಆಚೆ ನೂಕಿದೆವು. ರೂಟರನ್ನು ದೇವರ ಗೂಡಿನ ಮೇಲಿಟ್ಟೆ, ಅವ್ವ ಅದಕ್ಕೂ ಕುಂಕುಮ ಹಚ್ಚಿದಳು. ನೀರಿನ ಟ್ಯಾಂಕು ಸಿಗ್ನಲ್ ಕುಡಿಯುತ್ತದೆಂದು ಎಲ್ಲೋ ಓದಿ ವೈಜುವಿನ ಮೇಜನ್ನು ಕೋಣೆಯ ಆಚೆ ಗೋಡೆಗೆ ಸರಿಸಿದೆ. ಸುಧಾರಿಸಿತು, ನಿಲ್ಲಲಿಲ್ಲ. ರಜೆಯ ದಿನ ಮಧ್ಯಾಹ್ನ ನಾನೇ ಮೇಲೆ ಕೂತು ಗಂಟೆಗಟ್ಟಲೆ ಪರೀಕ್ಷಿಸಿದರೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಸಂಜೆ ವೈಜು ಕೂತರೆ ಸಾಕು, ಶುರುವಾಗುತ್ತಿತ್ತು.

"ನಿನ್ನ ಕಂಡ್ರ ಆಗಂಗಿಲ್ಲ ಅದಕ್ಕ," ಎಂದು ರೇಗಿಸುತ್ತಿದ್ದೆ. ಅವಳು ಸಿಟ್ಟಾಗುತ್ತಿದ್ದಳು.

ಮೊದಲ ಕಾರಣವನ್ನು ಹಿಡಿದವಳು ವೈಜುವೇ. ಒಂದು ಸಂಜೆ ಕೆಳಗೆ ಓಡಿಬಂದು ನನ್ನ ಕೈ ಹಿಡಿದು ತಾರಸಿಯ ಅಂಚಿಗೆ ಎಳೆದೊಯ್ದಳು. ಕೆಳಗೆ ಅಂಗಳದ ತೂಗುಯ್ಯಾಲೆಯಲ್ಲಿ ಕೋಕಿಲಾಬೆನ್ ಕೂತು, ಕಾರ್ಡ್‌ಲೆಸ್ ಫೋನು ಕಿವಿಗಿಟ್ಟುಕೊಂಡು ಆಣಂದದ ಮಗಳ ಜೊತೆ ಹರಟುತ್ತಿದ್ದರು. ಅಮೆರಿಕದಲ್ಲಿದ್ದ ನಾದಿನಿ ತಂದುಕೊಟ್ಟ ಫೋನು. ವೈಜು ಹೇಳಿದಳು: "ಅವರು ಅದನ್ನು ಕಿವಿಗಿಟ್ಟಾಗ ನಿಮೇಶನ ಮುಖ ಚೂರಾಗುತ್ತದೆ. ಇಳಿಸಿದಾಗ ಸರಿಯಾಗುತ್ತದೆ. ನಾಲ್ಕು ದಿನದಿಂದ ನೋಡುತ್ತಿದ್ದೇನೆ." ಕೋಕಿಲಾಬೆನ್‌ರ ದನಿ ನನಗೆ ಸಂಜೆಯ ಪಾರಿವಾಳಗಳ ಸದ್ದಿನ ಹಾಗೆ, ಕೇಳಿಸುತ್ತಿದ್ದರೂ ಗಮನಕ್ಕೆ ಬಾರದ್ದು. ಕಿವಿಯಿಲ್ಲದವಳು ಕಣ್ಣಿನಿಂದ ಅದನ್ನು ಹಿಡಿದಿದ್ದಳು. ಆ ಫೋನೂ ನಮ್ಮ ರೂಟರೂ ಗಾಳಿಯಲ್ಲಿ ಒಂದೇ ದಾರಿಗೆ ಜಗಳವಾಡುತ್ತಿದ್ದವು. ರೂಟರಿನ ಚಾನೆಲ್ ಬದಲಿಸಿ ನೋಡಿದೆ, ಆ ಫೋನು ಎಲ್ಲ ದಾರಿಗೂ ಅಡ್ಡ ಬರುವಂಥದ್ದು.

ಹೇಳುವುದು ಹೇಗೆಂದು ಹಿಂಜರಿಯುತ್ತ ಕೆಳಗೆ ಹೋದೆ. ಕೋಕಿಲಾಬೆನ್ ಉಯ್ಯಾಲೆ ನಿಲ್ಲಿಸಿ ಕೇಳಿದರು.

"ಅರೇ ಸುಮಾಬೆನ್, ಅಂದರೆ ನಾನು ನನ್ನ ಮಗಳ ಜೊತೆ ಮಾತಾಡಿದರೆ ನಿಮ್ಮ ತಂಗಿಯ ಮಾತು ನಿಲ್ಲುತ್ತದೆ?"

"ಹಾಗೇ ಆಗಿದೆ. ನಿಮ್ಮ ತಪ್ಪಲ್ಲ..."

ಅವರು ಎದ್ದು ಒಳಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಮಂಚದ ಕೆಳಗಿನಿಂದ ಹಳೆಯ ಕಪ್ಪು ಫೋನನ್ನು ಎಳೆದು ತಂದು, ಸೆರಗಿನಿಂದ ಧೂಳು ಒರೆಸಿ, ಗೋಡೆಗೆ ಸಿಕ್ಕಿಸಿದರು. ಕಾರ್ಡ್‌ಲೆಸ್ಸಿನ ಪ್ಲಗ್ಗನ್ನೇ ಕಿತ್ತರು. "ನಾನು ಕುರ್ಚಿ ಹಾಕಿಕೊಂಡು ಮಾತಾಡುತ್ತೇನೆ, ಬಸ್. ನನಗೆ ಮಾತಾಡಲು ಎಷ್ಟೊಂದು ದಾರಿ ಇವೆ, ಅವಳಿಗೆ ಇರುವುದು ಅದೊಂದೇ." ಆಮೇಲೆ ನಾವು ಆ ಮನೆಯಲ್ಲಿರುವವರೆಗೂ ಅವರು ಆ ಕಾರ್ಡ್‌ಲೆಸ್ ಬಳಸಲಿಲ್ಲ. ಮೊಣಕಾಲು ನೋವಿನ ಹೆಂಗಸು, ಉಯ್ಯಾಲೆಯೆಂದರೆ ಪ್ರಾಣ, ಆದರೂ ಫೋನಿನ ಹತ್ತಿರ ಮರದ ಕುರ್ಚಿಯಲ್ಲೇ ಕೂತರು. ಈಗ ನೆನೆದರೂ ಮನಸ್ಸು ತುಂಬಿ ಬರುತ್ತದೆ.

ಕೆಲವು ದಿನ ಎಲ್ಲ ಸರಿಯಿತ್ತು. ರೋಗ ವಾಸಿಯಾಯಿತೆಂದು ನಾನು ಬೀಗಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಮೋಡದಿಂದಾಗಿ ಐದೂವರೆಗೇ ಕತ್ತಲು. ವಿಶ್ವಾಮಿತ್ರಿ ನದಿ ಉಕ್ಕಿ ಊರಿನ ಅರ್ಧ ಭಾಗಕ್ಕೆ ನೀರು ನುಗ್ಗಿತು. ನಮ್ಮ ಕಡೆ ಮೊಣಕಾಲುದ್ದ ಬಂದು ಇಳಿಯಿತು. ರೈಲು ನಿಂತವು, ಅಹಮದಾಬಾದಿನ ಭಾನುವಾರದ ಕೂಟವೂ ನಿಂತಿತು. ಅಂಥದ್ದರ ನಡುವೆ ಒಂದು ಸಂಜೆ ವೈಜು ಮೇಲಿನಿಂದ ಇಳಿದು ಬಂದಳು, ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟಳು, "ಇನ್ನು ನನಗೆ ಬೇಡ. ನಿನ್ನ ಕಚೇರಿ ಕೆಲಸಕ್ಕೆ ಇಟ್ಟುಕೋ," ಎಂದಳು.

ಏನಾಯಿತೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ಮೂರನೆಯ ದಿನ ತನ್ನ ಮೊಬೈಲನ್ನು ನನ್ನ ಕೈಗಿತ್ತಳು. ನಿಮೇಶನ ಎಸ್ಸೆಮ್ಮೆಸ್ಸು, ಮುರುಕು ಇಂಗ್ಲಿಷಿನಲ್ಲಿ: ಅರ್ಥವಾಯಿತು, ಅಮ್ಮ ಮೊದಲು, ನೀನು ಯಾವಾಗಲೂ ಸುಖವಾಗಿರು. ಅಷ್ಟೆ. ಅವತ್ತು ಅವನು ಮದುವೆಯ ಮಾತು ಕೇಳಿದ್ದನಂತೆ, ಇವಳು ಉತ್ತರ ಹೇಳುತ್ತಿದ್ದಾಗ ಸಂಪರ್ಕ ತಪ್ಪಿತಂತೆ, ಮತ್ತೆ ಜೋಡಿಸುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದನಂತೆ. ಆಮೇಲೆ ಬಂದದ್ದು ಈ ಸಂದೇಶ. "ಅವನ ಅಮ್ಮನಿಗೆ ಇಷ್ಟವಿಲ್ಲ," ಎಂದಳು ವೈಜು. ನಾನೂ ಹಾಗೆಯೇ ಓದಿದೆ. ಬೇರೆ ಹೇಗೆ ಓದುವುದು? ಇವಳೂ ಸ್ವಾಭಿಮಾನದವಳು, ಸರಿ ಎಂದಷ್ಟೇ ಬರೆದು ಮುಗಿಸಿದ್ದಳು.

ವಿಚಿತ್ರವೆಂದರೆ ಅವ್ವ ನಿರಾಳವಾಗಲಿಲ್ಲ. "ಆ ಹುಡುಗನ ಅವ್ವಗ ಏನು ಧಾಡಿ ಬಂದೈತಿ? ನಮ್ಮ ಹುಡುಗಿ ಏನು ಕಡಿಮಿ ಐತಿ?" ಎಂದು ಎರಡು ದಿನ ಪಾತ್ರೆ ಕುಕ್ಕಿದಳು.

ಮಳೆ ನಿಂತ ಮೇಲೆ ನನ್ನ ಕೆಲಸ ಏರಿತು. ನೀರು ನುಗ್ಗಿದ ಗೋದಾಮುಗಳ ಪರಿಶೀಲನೆ, ದಿನಕ್ಕೊಂದು ಊರು. ಸೂರತ್ತಿಗೂ ಹೋಗಬೇಕಾಯಿತು, ಅದೂ ಉಧ್ನಾಕ್ಕೆ. ಒದ್ದೆ ಬಟ್ಟೆಯ ಮೂಟೆಗಳು, ಬಣ್ಣ ಹರಿದು ಗುಲಾಬಿಯಾದ ಚರಂಡಿ, ಎಲ್ಲೆಡೆ ಹಸಿ ಹತ್ತಿಯ ಕಮಟು. ಕೆಲಸ ಮುಗಿಸಿದೆ. ನಿಮೇಶನ ಕಾರ್ಖಾನೆ ಎರಡು ಬೀದಿ ಆಚೆ ಎಂದು ಗೊತ್ತಿತ್ತು. ವೈಜುವಿಗೆ ಹೇಳದೆ, ಅವ್ವನಿಗೆ ಹೇಳದೆ, ಸಿಟ್ಟನ್ನು ಮಾತ್ರ ಜೊತೆಗಿಟ್ಟುಕೊಂಡು ಹೋದೆ.

ಊಟದ ಹೊತ್ತು. ಅವನು ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದ, ತೆರೆಯ ಮೇಲೆ ನವಿಲುಗಳ ಸಾಲು. ನನ್ನನ್ನು ಕಂಡು ತಟ್ಟನೆ ಎದ್ದು ಕೈಮುಗಿದ. ನಾನು ನಮಸ್ಕಾರವನ್ನೂ ಹೇಳದೆ ಕೈಯಲ್ಲೇ ಕೇಳಿದೆ: "ನಿನ್ನ ಅಮ್ಮ ಯಾಕೆ ಬೇಡ ಅಂದರು?"

ಅವನು ಹುಬ್ಬೇರಿಸಿದ. "ನನ್ನ ಅಮ್ಮ?"

"ಹೌದು, ನಿನ್ನ ಅಮ್ಮ."

"ನನ್ನ ಅಮ್ಮ ವೈಜುವಿಗೆ ಸೀರೆ ತಂದಿಟ್ಟು ತಿಂಗಳಾಯಿತು. ಬೇಡ ಅಂದದ್ದು ನಿಮ್ಮ ಅಮ್ಮ!"

"ಯಾರು ಹೇಳಿದರು?"

"ವೈಜುವೇ ಹೇಳಿದಳು." ಅವನು ನನ್ನ ಎದುರು ನಿಂತು, ಅವಳು ಹೇಳಿದ್ದನ್ನು ಅವಳ ಹಾಗೆಯೇ ನಿಧಾನವಾಗಿ ತೋರಿಸಿದ. ಮೂಗುಬೊಟ್ಟಿನ ಜಾಗ ಮುಟ್ಟಿ: ಅವ್ವ. ಅಂಗೈ ಮುಂದೆ ಚಾಚಿ ತಡೆದು: ಬೇಡ. ಆ ಕೈಯನ್ನು ಹಾಗೆಯೇ ಗಾಳಿಯಲ್ಲಿ ಹಿಡಿದು ನಿಂತ, ಕದಲಲಿಲ್ಲ. "ಹೀಗೇ ಇದ್ದಳು. ತುಂಬ ಹೊತ್ತು. ಕೈ ಇಳಿಸಲೇ ಇಲ್ಲ. ಆಮೇಲೆ ತೆರೆ ಕಪ್ಪಾಯಿತು. ಅಷ್ಟು ಗಟ್ಟಿಯಾಗಿ ಬೇಡ ಅಂದ ಮೇಲೆ ನಾನು ಮತ್ತೆ ಹೇಗೆ ಕೇಳಲಿ?"

ನನಗೆ ಒಮ್ಮೆಗೇ ಎಲ್ಲ ತಿಳಿಯಿತು. ಅವಳ ಕೈ ನಿಂತಿರಲಿಲ್ಲ, ಚಿತ್ರ ನಿಂತಿತ್ತು. ಕೈಮಾತಿನಲ್ಲಿ ಇಲ್ಲ ಎಂಬುದು ಮಾತಿನ ಕೊನೆಗೆ ಬರುತ್ತದೆ. ಅವ್ವ ಬೇಡ ಅನ್ನುವುದಿಲ್ಲ ಎಂದು ಹೇಳಹೊರಟಿದ್ದಳು ನನ್ನ ತಂಗಿ. ಅವ್ವ ಬಂತು, ಬೇಡ ಬಂತು, ಅನ್ನುವುದಿಲ್ಲ ಎಂಬುದು ಬರುವ ಮೊದಲು ನಮ್ಮ ದರಿದ್ರ ಸಿಗ್ನಲ್ ಹೋಗಿತ್ತು. ಉಳಿದ ಸನ್ನೆಯನ್ನು ನಾನು ಅವನಿಗೆ ಮಾಡಿ ತೋರಿಸಿದೆ. ಅವನು ನೋಡುತ್ತ ನಿಂತ. ಮತ್ತೆ ಮಾಡಿ ಎಂದ. ಮತ್ತೆ ಮಾಡಿದೆ. ಅವನು ಕುರ್ಚಿಯಲ್ಲಿ ಕುಸಿದು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ, ಭುಜ ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದೆ ನಾನೂ ಎರಡನ್ನೂ ಮಾಡಿದೆ.

ಸುಧಾರಿಸಿಕೊಂಡ ಮೇಲೆ ಅವನು ಒಂದು ಮಾತು ಕೇಳಿದ, ಅದಕ್ಕೆ ನಾನು ಸಿದ್ಧಳಾಗಿರಲಿಲ್ಲ. "ನಿಜವಾಗಿ ಅಮ್ಮನಿಗೆ ಒಪ್ಪಿಗೆ ಇದೆಯೇ? ವೈಜು ಹೇಳಿದ್ದು ಅವಳ ಆಸೆಯೋ, ಅಮ್ಮನ ಮಾತೋ?"

ಸುಳ್ಳು ಹೇಳಲಾಗಲಿಲ್ಲ. ಅವ್ವ ಇನ್ನೂ ಹೂಂ ಅಂದಿರಲಿಲ್ಲವಲ್ಲ. "ನಿನಗೇ ಹೇಳುತ್ತಾಳೆ. ಭಾನುವಾರ ಸಂಜೆ ಕ್ಯಾಮೆರಾ ಮುಂದೆ ಕೂತಿರು," ಎಂದು ಬಂದೆ.

ಮನೆಗೆ ಬಂದು ವೈಜುವಿಗೆ ಹೇಳಿದಾಗ ಅವಳು ಮೊದಲು ನನ್ನ ತೋಳಿಗೆ ಬಲವಾಗಿ ಗುದ್ದಿದಳು, ಆಮೇಲೆ ತಬ್ಬಿಕೊಂಡಳು. ಅವ್ವನಿಗೆ ಹೇಳಿದೆ. ಅವ್ವ ಸೆರಗಿಗೆ ಕೈಯೊರೆಸಿಕೊಂಡು, "ನಾನಽ ಮಾತಾಡ್ತೀನಿ. ನೀ ನಡುವ ಬರಬ್ಯಾಡ," ಎಂದಳು.

ಈಗ ನನ್ನ ಮುಂದೆ ಇದ್ದದ್ದು ಒಂದೇ ಕೆಲಸ. ಅವತ್ತು ಸಂಜೆ ಸಂಪರ್ಕ ತಪ್ಪಕೂಡದು. ಕೋಕಿಲಾಬೆನ್ ಫೋನು ಪೆಟ್ಟಿಗೆ ಸೇರಿತ್ತು, ತಿಜೋರಿ ಆಚೆ ಹೋಗಿತ್ತು, ಹಾಗಿದ್ದರೂ ಯಾಕೆ ತಪ್ಪುತ್ತಿದೆ? ಮತ್ತೆ ಮಧ್ಯಾಹ್ನ ಕೂತು ಪರೀಕ್ಷಿಸಿದೆ, ಬಂಡೆಯ ಹಾಗೆ ನಿಂತಿತು. ಕೊನೆಗೆ ವೈಜುವಿಗೆ ಹೇಳಿದೆ: "ನೀನು ದಿನಾ ಹೇಗೆ ಕೂರುತ್ತಿದ್ದೆಯೋ ಹಾಗೆಯೇ ಕೂರು, ನಾನು ನೋಡುತ್ತೇನೆ." ಸಂಜೆಯಾಯಿತು. ಅವಳು ಕಪ್ಪು ಕುರ್ತಾ ಹಾಕಿಕೊಂಡು ಬಂದಳು, ಮೇಜಿನ ಮುಂದೆ ಕೂತಳು, ಲ್ಯಾಪ್‌ಟಾಪ್ ತೆರೆದಳು. ಕತ್ತಲಾಗುತ್ತಿತ್ತು, ಕೈ ಸರಿಯಾಗಿ ಕಾಣದು. ಅವಳು ಬಗ್ಗಿ, ಗೋಡೆಯಲ್ಲಿದ್ದ ಒಂದೇ ಒಂದು ಸಾಕೆಟ್ಟಿನಿಂದ ಲ್ಯಾಪ್‌ಟಾಪಿನ ಪ್ಲಗ್ಗು ಕಿತ್ತು ಟೇಬಲ್ ಲ್ಯಾಂಪಿನ ಪ್ಲಗ್ಗು ಸಿಕ್ಕಿಸಿದಳು. ಅವಳ ಕೈಗಳ ಮೇಲೆ ಹಳದಿ ಬೆಳಕು ಬಿತ್ತು. ಸ್ವಲ್ಪ ಹೊತ್ತಿಗೆ ಹಸಿರು ಗೆರೆಗಳು ಇಳಿಯತೊಡಗಿದವು.

"ನಿಲ್ಲು!" ಎಂದು ನಾನು ಕೂಗಿದೆ, ಕೂಗಿ ಪ್ರಯೋಜನವಿಲ್ಲವೆಂಬುದು ನೆನಪಾಗಿ ಅವಳ ಭುಜ ಹಿಡಿದೆ.

ಕರೆಂಟಿನಿಂದ ಕಿತ್ತೊಡನೆ ಲ್ಯಾಪ್‌ಟಾಪು ಬ್ಯಾಟರಿ ಉಳಿಸಲೆಂದು ತನ್ನ ವೈರ್‌ಲೆಸ್ಸನ್ನೇ ಆಗಾಗ ನಿದ್ದೆಗೆ ತಳ್ಳುತ್ತಿತ್ತು. ನಾನು ಹಗಲು ಕೂತಾಗ ದೀಪ ಬೇಕಿರಲಿಲ್ಲ, ಪ್ಲಗ್ಗು ಕೀಳುತ್ತಿರಲಿಲ್ಲ, ತೊಂದರೆಯೂ ಇರಲಿಲ್ಲ. ಒಂದೇ ರೋಗ ಎಂದುಕೊಂಡಿದ್ದೆವು, ಎರಡಿದ್ದವು. ಒಂದಕ್ಕೆ ಮದ್ದು ಮಾಡಿ ಗೆದ್ದೆವೆಂದುಕೊಂಡಾಗ ಇನ್ನೊಂದು ಮಳೆಗಾಲದ ಕತ್ತಲಿನ ಜೊತೆಗೆ ಎದ್ದಿತ್ತು. ಸೆಟ್ಟಿಂಗಿನೊಳಗೆ ಇಳಿದು, ವಿದ್ಯುತ್ ಉಳಿಸುವ ಆಯ್ಕೆಯ ಚೌಕದೊಳಗಿನ ಗುರುತನ್ನು ತೆಗೆದೆ. ಕೋಕಿಲಾಬೆನ್ ಅದು ಸಾಲದೆಂದು ತಮ್ಮ ಇಸ್ತ್ರಿ ಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬೋರ್ಡನ್ನೂ ತಂದು ಕೊಟ್ಟರು. ದೀಪವೂ ಉರಿಯಿತು, ಲ್ಯಾಪ್‌ಟಾಪೂ ಕರೆಂಟು ಕುಡಿಯಿತು. ನಾನೂ ವೈಜುವೂ ಹಸಿರು ಗೆರೆಗಳನ್ನು ನೋಡುತ್ತ ಊಟದ ಹೊತ್ತಿನವರೆಗೆ ಕೂತೆವು. ಐದಕ್ಕೆ ಐದೂ ಹಾಗೇ ನಿಂತಿದ್ದವು.

ಭಾನುವಾರ ಅವ್ವ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕಬ್ಬಿಣದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದು ಆ ಕುರ್ಚಿಯಲ್ಲಿ ಕೂತಳು. ನಾನು ಬಾಗಿಲ ಬಳಿ ನಿಂತೆ, ವೈಜು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಗೋಡೆಗೆ ಒರಗಿದಳು. ತೆರೆಯ ಮೇಲೆ ನಿಮೇಶ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಕೂತವನ ಹಾಗೆ ನೆಟ್ಟಗೆ ಕೂತಿದ್ದ. ಕೈಮುಗಿದ.

ಮೈಸೂರಿನ ಕೈಮಾತನ್ನಾಗಲಿ ಸೂರತ್ತಿನದನ್ನಾಗಲಿ ಅವ್ವ ನೋಡಿ ಅಷ್ಟಿಷ್ಟು ಊಹಿಸುತ್ತಿದ್ದಳೇ ಹೊರತು ತಾನು ಆಡಲು ಬರುತ್ತಿರಲಿಲ್ಲ. ಅವಳು ಆಡುತ್ತಿದ್ದದ್ದು ವೈಜು ಕೂಸಾಗಿದ್ದಾಗ ಗದಗಿನ ಅಡುಗೆಮನೆಯಲ್ಲಿ ತಾಯಿ ಮಗಳು ಸೇರಿ ಕಟ್ಟಿಕೊಂಡ ಮನೆಯ ಸನ್ನೆಗಳು. ಮನೆಯ ಹೊರಗೆ ಅವು ಯಾರಿಗೂ ತಿಳಿಯವು. ಅವ್ವ ಅದನ್ನೆಲ್ಲ ಯೋಚಿಸಲೇ ಇಲ್ಲ. ಎಡ ಅಂಗೈಯ ಮೇಲೆ ಬಲ ಅಂಗೈಯನ್ನು ರೊಟ್ಟಿ ಬಡಿಯುವ ಹಾಗೆ ಬಡಿದು, ಗಲ್ಲ ಮೇಲೆತ್ತಿದಳು. ಊಟ ಆಯಿತಾ ಎಂದರ್ಥ.

ನಾನು ಮುಂದೆ ಹೋಗಿ ಅರ್ಥ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಿಮೇಶ್ ತನ್ನ ಎರಡು ಅಂಗೈಗಳನ್ನು ಒಂದಕ್ಕೊಂದು ಬಡಿದು, ಕೈಗೆ ಹತ್ತಿದ ಹಿಟ್ಟನ್ನು ಕೊಡವಿಕೊಳ್ಳುವ ಹಾಗೆ ಕೊಡವಿದ. ಆಯಿತು, ಉಂಡೆ. ನಮ್ಮ ಮನೆಯ ಜೋಳದ ರೊಟ್ಟಿಯನ್ನು ಒಮ್ಮೆಯೂ ಉಣ್ಣದ ಸೂರತ್ತಿನ ಹುಡುಗ, ಅವ್ವ ಕೊಡವುವ ಹಾಗೆಯೇ, ಬೆರಳ ತುದಿಯಿಂದ.

ಅವ್ವ ನನ್ನ ಕಡೆ ತಿರುಗಿದಳು. "ಇಂವಗ ನಮ್ಮ ಮನೀ ಮಾತು ಬರತೈತಲ್ಲವಾ! ಯಾರು ಕಲಿಸಿದ್ರು?"

ಗೋಡೆಗೆ ಒರಗಿದ್ದವಳು ಉಗುರು ನೋಡಿಕೊಳ್ಳುತ್ತಿದ್ದಳು.

ಅವ್ವ ಮತ್ತೆ ತೆರೆಯತ್ತ ತಿರುಗಿದಳು. ಈಗ ಮುಖದ ಬಿಗಿ ಸಡಿಲಿತ್ತು, ಆದರೆ ಕೇಳಬೇಕಾದ್ದನ್ನು ಅವಳು ಬಿಡುವವಳಲ್ಲ. ತೋಳಿನಲ್ಲಿ ಕೂಸು ಆಡಿಸಿದಳು. ಕೂಸು ಅಳುವ ಹಾಗೆ ಮುಖ ಮಾಡಿದಳು. ಕತ್ತಲೆಂದು ಕಣ್ಣು ಮುಚ್ಚಿ ತೋರಿಸಿದಳು. ಅವನ ಕಿವಿಯತ್ತ, ಆಮೇಲೆ ಗೋಡೆಯ ಬಳಿಯ ಮಗಳ ಕಿವಿಯತ್ತ ಬೆರಳು ಮಾಡಿ, ಎರಡೂ ಕೈ ಅಗಲಿಸಿದಳು. ಯಾರು?

ನಾನು ಹಸಿರು ಗೆರೆಗಳನ್ನು ನೋಡಿದೆ. ಹೋಗಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಈ ಪ್ರಶ್ನೆ ನಿಮೇಶನಿಗೆ ಹೊಸದಲ್ಲವೆಂದು ಅವನ ಕಣ್ಣುಗಳೇ ಹೇಳಿದವು. ಆಮೇಲೆ ತಲೆದಿಂಬಿನ ಮೇಲೆ ಮಲಗಿದ ಹಾಗೆ ಕುತ್ತಿಗೆ ವಾಲಿಸಿ, ಪಕ್ಕದಲ್ಲಿ ಕೂಸನ್ನು ಮಲಗಿಸಿದಂತೆ ತೋರಿಸಿ, ಅದರ ಪುಟ್ಟ ಎದೆಯ ಮೇಲೆ ತನ್ನ ಅಂಗೈ ಇಟ್ಟ. ಅತ್ತರೆ ಎದೆ ಅದುರುತ್ತದೆ, ಕೈಗೆ ತಿಳಿಯುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಕಿವಿ ಕೇಳಿಸದ ತನ್ನ ಗೆಳೆಯನ ಮನೆಯಲ್ಲಿ ಹೀಗೆಯೇ ಎರಡು ಮಕ್ಕಳು ದೊಡ್ಡವಾದವು ಎಂದ. ಒಂದು ಇರುಳು ಅಮ್ಮನ ಕೈ, ಒಂದು ಇರುಳು ಅಪ್ಪನ ಕೈ.

ಚಿತ್ರ ಒಂದು ಸಲವೂ ತಡೆಯಲಿಲ್ಲ. ಅವನ ಅಂಗೈ, ಅಲ್ಲಿಲ್ಲದ ಆ ಕೂಸಿನ ಉಸಿರಿನ ಜೊತೆಗೆ ಮೆಲ್ಲಗೆ ಏರಿ ಇಳಿಯುವುದು ಕೂಡ ಕಾಣಿಸಿತು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಕಿಗೆ ಜ್ವರ ಬಂದಾಗ ನಾನೂ ಹಿಂಗಽ ಕೈ ಇಟಗೊಂಡು ಮಲಗ್ತಿದ್ದೆ," ಎಂದಳು, ಯಾರಿಗೆಂದಲ್ಲ. ಮುಂದೆ ಬಾಗಿ, ಕ್ಯಾಮೆರಾಕ್ಕೆ ಹಣೆ ತಾಗುವಷ್ಟು ಹತ್ತಿರ ಹೋಗಿ, ಕೈಬೀಸಿ ಕರೆದಳು: ಬಾ. ನಿನ್ನ ಅವ್ವನ್ನೂ ಕರಕೊಂಡು ಬಾ.

ಮದುವೆ ಆ ಚಳಿಗಾಲದಲ್ಲಿ ವಡೋದರಾದಲ್ಲೇ ಆಯಿತು. ಗದಗಿನಿಂದ ಸೋದರಮಾವ ಬಂದ, ಸೂರತ್ತಿನಿಂದ ಒಂದು ಬಸ್ಸು ತುಂಬ ಬೀಗರು, ಅಹಮದಾಬಾದಿನಿಂದ ಭಾನುವಾರದ ಕೂಟದ ಗೆಳೆಯರು. ಭಟ್ಟರ ಮಂತ್ರವನ್ನು ಕೋಕಿಲಾಬೆನ್ ತಮಗೆ ತಿಳಿದಷ್ಟು ನನಗೆ ಹೇಳಿದರು, ನಾನು ಅದನ್ನು ವಧೂವರರಿಗೆ ಕೈಯಲ್ಲಿ ಹೇಳಿದೆ. ಎಲ್ಲಿ ಎಷ್ಟು ಅರ್ಥ ಕೆಟ್ಟಿತೋ ದೇವರಿಗೇ ಗೊತ್ತು. ತಾಳಿ ಕಟ್ಟುವ ಹೊತ್ತಿಗೆ ವಾಲಗದವರು ಜೋರಾಗಿ ಊದಿದರು, ನಮ್ಮ ಕಡೆಯವರೆಲ್ಲ ಅಕ್ಷತೆ ತೂರಿದರು. ಆಗ ಹಿಂದಿನ ಸಾಲುಗಳಲ್ಲಿದ್ದ ಆ ಗೆಳೆಯರೆಲ್ಲ ಎದ್ದು ನಿಂತು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಬೆರಳುಗಳನ್ನು ಅಲುಗಿಸತೊಡಗಿದರು. ಅವರ ಚಪ್ಪಾಳೆ ಅದು. ಮಂಟಪದ ದೀಪದ ಬೆಳಕಿನಲ್ಲಿ ಅಷ್ಟೊಂದು ಕೈಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಮಿನುಗಿದವು.

ಅವ್ವ ಹಿಂತಿರುಗಿ ನೋಡಿದಳು. ಏನಿದು ಎಂದು ನನ್ನನ್ನು ಕೇಳಲಿಲ್ಲ. ಮುಷ್ಟಿಯಲ್ಲಿ ಉಳಿದಿದ್ದ ಅಕ್ಷತೆಯನ್ನು ಮಗಳ ತಲೆಯ ಮೇಲೆ ಪೂರ್ತಿ ಸುರಿದು, ಖಾಲಿಯಾದ ಎರಡೂ ಕೈಗಳನ್ನು ಮೇಲೆತ್ತಿದಳು.